ಯಾವ ಲೈನ್ರೀ ನಿಮ್ದು?

ಧಾರವಾಡದ ಲೈನ್ ಬಜಾರಿನಲ್ಲಿ ಠಾಕೂರರ ಪೇಡೆ ಅಂಗಡಿಯ ಮುಂದೆ ನಿಲ್ಲುವುದಕ್ಕೆ ನಮ್ಮ ಹಿರಿಯರು ‘ಪಾಳಿ ಹಚ್ಚೂದು’ ಅನ್ನುತ್ತಿದ್ದರು. ಈಗಿನ ಹುಡುಗರು ಲೈನ್ ಹಚ್ಚುತ್ತಾರೆ. ಮೊನ್ನೆ ನನ್ನ ಮುಂದೆ ನಿಂತಿದ್ದ ಒಬ್ಬ ತರುಣ ಫೋನಿನಲ್ಲಿ ಹೇಳುತ್ತಿದ್ದ: “ಲೈನ್ ಬಜಾರದಾಗ ಲೈನ್‌ನ್ಯಾಗ ನಿಂತೀನಿ, ನೀ ಲೈನ್‌ನ್ಯಾಗ ಇರು.” ಆ ಕಡೆಯವರಿಗೆ ಒಂದಿಷ್ಟೂ ಗೊಂದಲವಾದಂತೆ ಕಾಣಲಿಲ್ಲ. ಕಾಲು ಕೇಜಿಯೋ ಅರ್ಧ ಕೇಜಿಯೋ ಎಂಬಲ್ಲಿ ಮಾತ್ರ ಸ್ವಲ್ಪ ಚರ್ಚೆಯಾಯಿತು.

ಇಂಗ್ಲಿಷಿನಲ್ಲಿ ಅತಿ ಹೆಚ್ಚು ಅರ್ಥ ಹೊತ್ತ ಪದ ಯಾವುದು ಎಂಬ ಸ್ಪರ್ಧೆಯಲ್ಲಿ ಲೈನ್‌ಗೆ ಬಹುಮಾನವಿಲ್ಲ. ಬಹಳ ಕಾಲ ‘ಸೆಟ್’ ಮುಂದಿತ್ತು. ಆಮೇಲೆ ಆಕ್ಸ್‌ಫರ್ಡ್ ನಿಘಂಟಿನವರು ‘ರನ್’ ಎಂಬ ಕ್ರಿಯಾಪದವೊಂದಕ್ಕೇ 645 ಅರ್ಥ ಎಣಿಸಿದರು. ಎಣಿಸಲಿ. ಆಕ್ಸ್‌ಫರ್ಡಿನಲ್ಲಿ ಕೂತು ಎಣಿಸಿದವರಿಗೆ ‘ಲೈನ್ ಹೊಡೆಯೋದು’ ಸಿಕ್ಕಿರಲಾರದು.

ಈ ಪದದ ಮೂಲ ಹುಡುಕಿಕೊಂಡು ಹೋದರೆ ಸಿಗುವುದು ನಮ್ಮ ಅಗಸೆ ಗಿಡ. ಲ್ಯಾಟಿನ್ನಿನಲ್ಲಿ ಅಗಸೆಗೆ ಲೀನುಮ್, ಅದರ ನಾರಿನ ದಾರಕ್ಕೆ ಲೀನಿಯ. ದಾರವನ್ನು ಬಿಗಿಯಾಗಿ ಹಿಡಿದರೆ ನೆಟ್ಟನೆಯ ಗೆರೆ ಸಿಗುತ್ತದಲ್ಲ, ಅದೇ ಲೈನ್ ಆಯಿತು. ಲಿನನ್ ಬಟ್ಟೆ, ದರ್ಜಿ ಕೋಟಿನ ಒಳಗೆ ಕೊಡುವ ಲೈನಿಂಗ್, ಬಣ್ಣದವರ ಲಿನ್‌ಸೀಡ್ ಎಣ್ಣೆ, ಎಲ್ಲವೂ ಒಂದೇ ಮನೆತನ. ಕಟಕ ರೊಟ್ಟಿಯ ಜೊತೆ ಅಗಸಿ ಹಿಂಡಿಗೆ ಮೊಸರು ಕಲಸಿ ತಿಂದು ಬೆಳೆದ ನನಗೆ ಇದು ಗೊತ್ತಾದ ಮೇಲೆ ಲೈನ್ ಪರಭಾಷೆಯ ಪದವೆಂದು ಅನಿಸುವುದೇ ನಿಂತಿದೆ.

ಬ್ರಿಟಿಷರು ಇದನ್ನು ನಮ್ಮಲ್ಲಿಗೆ ತಂದಾಗ ಅದಕ್ಕೆ ಸಾಲುಮನೆಗಳ ಅರ್ಥವೂ ಇತ್ತು. ಸಿಪಾಯಿಗಳ ವಸತಿಯನ್ನು ಸಾಲಾಗಿ ಕಟ್ಟಿ ಲೈನ್ಸ್ ಎಂದರು. ಉತ್ತರದ ಊರುಗಳಲ್ಲಿ ಸಾಹೇಬರ ಬಂಗಲೆಗಳು ಸಿವಿಲ್ ಲೈನ್ಸ್ ಆದವು. ನಮ್ಮಲ್ಲಿ ಪೊಲೀಸ್ ಲೈನ್ ಇನ್ನೂ ಇದೆ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಕೆಲಸಗಾರರು ಇರುವುದು ಲೈನ್ ಮನೆಗಳಲ್ಲಿ. ಕೋಲಾರದ ಚಿನ್ನದ ಗಣಿಯ ಕಾರ್ಮಿಕರ ವಸತಿಗೂ ಲೈನ್ ಎಂದೇ ಹೆಸರು. ಅದೇ ಗಣಿಗಾಗಿ 1902ರಲ್ಲಿ ಶಿವನಸಮುದ್ರದಿಂದ 147 ಕಿಲೋಮೀಟರ್ ಕರೆಂಟಿನ ಲೈನ್ ಎಳೆದರು. ಆ ಕಾಲಕ್ಕೆ ಜಗತ್ತಿನ ಅತಿ ಉದ್ದದ ಲೈನುಗಳಲ್ಲಿ ಅದೂ ಒಂದು. ಬೆಂಗಳೂರಿನ ಬೀದಿಗಳಿಗೆ ದೀಪ ಬಂದದ್ದು 1905ರಲ್ಲಿ. ಗಣಿ 2001ರಲ್ಲಿ ಮುಚ್ಚಿತು. ಮನೆಯ ಲೈನುಗಳು ಇವೆ, ದುಡಿಮೆಯ ಲೈನ್ ಇಲ್ಲ. ಜನ ನಸುಕಿನಲ್ಲೇ ಎದ್ದು ಬೆಂಗಳೂರಿನ ರೈಲು ಹಿಡಿಯುತ್ತಾರೆ.

ಕರೆಂಟಿನ ಲೈನ್ ಎಂದಕೂಡಲೇ ಲೈನ್‌ಮನ್ ನೆನಪಾಗುತ್ತಾನೆ. ನಮ್ಮ ಓಣಿಯಲ್ಲಿ ಶಾಸಕರಿಗಿಂತ ಲೈನ್‌ಮನ್‌ಗೆ ಮರ್ಯಾದೆ ಹೆಚ್ಚಿತ್ತು. ಕಂಬಕ್ಕೆ ಏಣಿ ಆನಿಸಿ ಮೇಲೆ ನೋಡುತ್ತ ನಿಲ್ಲುತ್ತಿದ್ದ, ಹತ್ತುತ್ತಿರಲಿಲ್ಲ. “ಎಲ್‌ಸಿ ಸಿಗೂತನಾ ಕಾಯಬೇಕ್ರಿ” ಎನ್ನುತ್ತಿದ್ದ. ಎಲ್‌ಸಿ ಅಂದರೆ ಲೈನ್ ಕ್ಲಿಯರ್. ಆ ಕಡೆ ಕರೆಂಟು ಬಂದ್ ಮಾಡಿದ್ದೇವೆ, ಜೀವಕ್ಕೆ ಭಯವಿಲ್ಲ ಎಂಬ ಮಾತು. ಅದು ಬರುವತನಕ ಅವನಿಗೆ ಯಾರದೋ ಮನೆಯಿಂದ ಚಹಾ ಬರುತ್ತಿತ್ತು, ಮಕ್ಕಳು ಏಣಿಯ ಸುತ್ತ ನೆರೆಯುತ್ತಿದ್ದೆವು. ಮಾತು ಬಂದ ಮೇಲೂ ಅವನು ಕೈ ಹಚ್ಚುತ್ತಿರಲಿಲ್ಲ. ಮೊದಲು ತಂತಿಗೆ ಅರ್ಥಿಂಗ್ ಕೊಟ್ಟು ಖಾತ್ರಿ ಮಾಡಿಕೊಳ್ಳುತ್ತಿದ್ದ. ಬಾಯಿಮಾತಿನ ಎಲ್‌ಸಿಯನ್ನೇ ನಂಬಿ ಮದುವೆ ಗೊತ್ತುಮಾಡಿಕೊಂಡವರನ್ನು ನಾನು ನೋಡಿದ್ದೇನೆ. ಅರ್ಥಿಂಗ್ ಎಷ್ಟು ಮುಖ್ಯವೆಂದು ಅವರಿಗೆ ಗೊತ್ತು.

ಮದುವೆ ಎಂದಾಗ ಫೋನಿನ ಕಥೆಯನ್ನೂ ಹೇಳಿಬಿಡುತ್ತೇನೆ. ಸರಕಾರದ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್‌ನವರ ಮೊದಲ ಗ್ರಾಮೀಣ ಟೆಲಿಫೋನ್ ಎಕ್ಸ್‌ಚೇಂಜ್ 1986ರಲ್ಲಿ ಸ್ಥಾಪನೆಯಾದದ್ದು ನಮ್ಮ ಕಿತ್ತೂರಿನಲ್ಲಿ. ಚೆನ್ನಮ್ಮನ ಊರು ಎಂಬ ಹೆಮ್ಮೆಯ ಪಕ್ಕದಲ್ಲಿ ಈ ಹೆಮ್ಮೆಗೂ ಒಂದಿಷ್ಟು ಜಾಗ ಕೊಡಬೇಕು. ಆಮೇಲೆ ನಮ್ಮ ಮನೆಗೂ ಲೈನ್ ಬಂತು. ಲೈನ್ ಸಿಗುವುದು, ಕಟ್ ಆಗುವುದು, ಮಳೆಗಾಲದಲ್ಲಿ ಗೊರಗೊರ ಅನ್ನುವುದು, ಡೆಡ್ ಆಗುವುದು, ಇವೆಲ್ಲ ಮನೆಮಂದಿಯ ಆರೋಗ್ಯದ ಸುದ್ದಿಯಷ್ಟೇ ಸಲೀಸಾಗಿ ಮಾತಿನಲ್ಲಿ ಬರುತ್ತಿದ್ದವು. ಎಲ್ಲಕ್ಕಿಂತ ರುಚಿಯಾದದ್ದು ಕ್ರಾಸ್ ಲೈನ್. ಒಮ್ಮೆ ಅವ್ವ ತವರಿಗೆ ಫೋನ್ ಹಚ್ಚಿದರೆ ಯಾವುದೋ ಎರಡು ಮನೆಯವರು ಲಗ್ನದ ಮಾತು ಆಡುತ್ತಿದ್ದರು. ಅವ್ವ ರಿಸೀವರ್ ಇಡಲಿಲ್ಲ. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೇಳಿದಳು. ಗಂಡಿನ ಕಡೆಯವರು ಆಷಾಢಕ್ಕೆ ಮೊದಲು, ಜೂನಿನಲ್ಲೇ ಆಗಲಿ ಎನ್ನುತ್ತಿದ್ದರು. ಅವ್ವನಿಗೆ ತಡೆಯಲಾಗಲಿಲ್ಲ.

“ಜೂನ್‌ನ್ಯಾಗ ಬ್ಯಾಡ್ರೀ, ಮಳಿಯಾಗ ಪೆಂಡಾಲ್ ನಿಲ್ಲೂದಿಲ್ಲ. ಮೇದಾಗ ಮುಗಸ್ರಿ.”

ಎರಡೂ ಕಡೆ ಗಪ್‌ಚಿಪ್. ಆಮೇಲೆ ಹೆಣ್ಣಿನ ಕಡೆಯ ಒಬ್ಬ ಹಿರಿಯರ ದನಿ: “ಯಾರರೆ ಇರ್ರಿ ತಂಗೀ, ಮಾತು ಖರೇ ಐತಿ.” ಅಷ್ಟರಲ್ಲಿ ಲೈನ್ ಕಟ್ಟಾಯಿತು. ಆ ಲಗ್ನ ಮೇನಲ್ಲಿ ಆಯಿತೋ ಜೂನಿನಲ್ಲಿ ಆಯಿತೋ ನಮಗೆ ತಿಳಿಯಲೇ ಇಲ್ಲ. ಅವ್ವ ಮಾತ್ರ ಆ ವರ್ಷ ಮೊದಲ ಮಳೆ ಬಿದ್ದಾಗ “ಪಾಪ, ಏನ್ ಮಾಡಿದ್ರೊ ಏನೋ” ಅಂದಳು.

ಇನ್ನು ಲೈನ್ ಹೊಡೆಯುವ ವಿಷಯ. ಶಾಲೆಯಲ್ಲಿ ಮಾಸ್ತರರು “ನೋಟ್‌ಬುಕ್‌ಗೆ ಲೈನ್ ಹೊಡಕೊಂಡು ಬರ್ರಿ” ಎಂದರೆ ಸ್ಕೇಲು ಪಟ್ಟಿ ಹಿಡಿದು ಅಂಚು ಎಳೆಯುವುದು. ಹೈಸ್ಕೂಲು ದಾಟುವ ಹೊತ್ತಿಗೆ ಅದೇ ವಾಕ್ಯಕ್ಕೆ ಸ್ಕೇಲಿನ ಅಗತ್ಯ ಇರುತ್ತಿರಲಿಲ್ಲ. ಸೈಕಲ್ಲು, ಬಾಚಿದ ಕೂದಲು ಸಾಕು. ಅಂಥವನು ಸಿಕ್ಕಿಬಿದ್ದರೆ ಅಪ್ಪ ಅವನನ್ನು ಲೈನಿಗೆ ತರುತ್ತಿದ್ದ. ಲೈನ್ ಹೊಡೆದವನು ಲೈನಿಗೆ ಬಂದ ಮೇಲೆ ಕನ್ಯಾ ನೋಡಲು ಹೋದಲ್ಲಿ ಪ್ರಶ್ನೆ: “ಹುಡುಗ ಯಾವ ಲೈನ್‌ನ್ಯಾಗ ಅದಾನ್ರಿ?” ಅಲ್ಲಿ ಲೈನ್ ಎಂದರೆ ಹೊಟ್ಟೆಪಾಡು. ಗಾಂಧಿನಗರದಲ್ಲಿ ಇದಕ್ಕೆ ಇನ್ನೊಂದು ಅವತಾರ. ನಿರ್ಮಾಪಕರು ಪೂರ್ತಿ ಕಥೆ ಕೇಳುವುದಿಲ್ಲ, “ಒನ್ ಲೈನ್ ಹೇಳಿ” ಎನ್ನುತ್ತಾರೆ.

ನನ್ನ ಲೈನಿನವರನ್ನು ಹೆದರಿಸುವುದು ಡೆಡ್‌ಲೈನ್. ಅಮೆರಿಕದ ಅಂತರ್ಯುದ್ಧದಲ್ಲಿ, 1864ರಲ್ಲಿ, ಜಾರ್ಜಿಯಾದ ಆಂಡರ್‌ಸನ್‌ವಿಲ್ ಸೆರೆಮನೆಯ ಗೋಡೆಯ ಒಳಗೆ ಒಂದು ಬೇಲಿಗೆರೆ ಇತ್ತು. ಅದನ್ನು ದಾಟಿದ ಕೈದಿಗೆ ಕಾವಲುಗಾರ ಗುಂಡು ಹಾರಿಸಬಹುದಿತ್ತು. ಆ ಗೆರೆಯ ಹೆಸರೇ ಡೆಡ್‌ಲೈನ್. ಇದು ತಿಳಿದಾಗಿನಿಂದ ನನ್ನ ಸಂಪಾದಕರು ತೀರ ಸಾಧು ಮನುಷ್ಯರೆನಿಸಿದ್ದಾರೆ. ಗೆರೆ ದಾಟಿದರೂ ಅವರು ಒಂದು ಕೈಮುಗಿದ ಚಿತ್ರ ಕಳಿಸುತ್ತಾರೆ, ಅಷ್ಟೆ.

ಈಗ ಎಲ್ಲ ಲೈನುಗಳೂ ಆನ್‌ಲೈನ್‌ನಲ್ಲಿ ಕರಗಿಹೋಗಿವೆ. ಕರೆಂಟು ಬಿಲ್ಲು, ರೈಲಿನ ಟಿಕೆಟ್ಟು, ದೇವರ ಪೂಜೆ, ಕನ್ಯಾ ನೋಡುವುದು, ಎಲ್ಲವೂ ಅಲ್ಲೇ. ಪಾಳಿ ಇಲ್ಲದ್ದರಿಂದ ಮುಂದೆ ನಿಂತವರ ಬೆನ್ನು ನೋಡುತ್ತ ಅವರ ಕಷ್ಟಸುಖ ಕೇಳುವ ಪ್ರಸಂಗವೂ ಇಲ್ಲ. ಕ್ರಾಸ್ ಲೈನ್ ಇಲ್ಲದ್ದರಿಂದ ಅಪರಿಚಿತರ ಲಗ್ನಕ್ಕೆ ಮುಹೂರ್ತ ಹೇಳುವವರೂ ಇಲ್ಲ. ನಮ್ಮ ಮನೆಯ ಫೋನ್ ತೆಗೆಸಿ ವರ್ಷಗಳಾದವು. ಅದರ ಮೇಲೆ ಹೊದಿಸುತ್ತಿದ್ದ ಕಸೂತಿ ಬಟ್ಟೆ ಈಗ ಮಿಕ್ಸರಿನ ಮೇಲಿದೆ.

ಸಾಲು, ಗೆರೆ, ಗೀಟು, ಎಳೆ, ತಂತಿ, ಪಾಳಿ, ಪಂಕ್ತಿ, ಕಸುಬು. ಇಷ್ಟು ಜನ ಬೇರೆಬೇರೆಯಾಗಿ ಮಾಡುತ್ತಿದ್ದ ಕೆಲಸವನ್ನು ಲೈನ್ ಒಂಟಿಯಾಗಿ ಮಾಡುತ್ತಿದೆ. ಮಾಡಲಿ, ನನ್ನ ತಕರಾರಿಲ್ಲ. ಒಂದೇ ಕಡೆ ನಾನು ಸೋತು ಕೂತಿದ್ದೇನೆ. ‘ಲೈನ್ ಹೊಡೆಯುವುದು’ ಎಂಬುದಕ್ಕೆ ಸರಿಸಾಟಿಯಾದ ಕನ್ನಡ ಪದ ನನಗೆ ಹೊಳೆದಿಲ್ಲ. ‘ಕಣ್ಣು ಹೊಡೆಯುವುದು’ ಬೇರೆ ಅಪರಾಧ, ‘ಹಿಂದೆ ಬೀಳುವುದು’ ಪೊಲೀಸ್ ಕೇಸು. ನಿಮ್ಮೂರಿನಲ್ಲಿ ಈ ಕೆಲಸಕ್ಕೆ ಹಳೆಯ ಹೆಸರೇನಾದರೂ ಇದ್ದರೆ ದಯವಿಟ್ಟು ಬರೆದು ತಿಳಿಸಿ. ಒಂದು ಲೈನ್ ಸಾಕು.