ದೂರದ ಗುರು, ಹತ್ತಿರದ ಒಡನಾಡಿ



ನಮ್ಮ ವಿದ್ಯಾರ್ಥಿನಿಲಯದಲ್ಲಿ ಓದಿ, ಇಂದು ನಾಡಿನ ನಾನಾ ಕಡೆಗಳಲ್ಲಿ ನೆಲೆಸಿರುವ ತಮ್ಮಲ್ಲಿ ಅನೇಕರು ನಮ್ಮನ್ನು ಕಂಡಾಗ ಕೇಳುವ ಪ್ರಶ್ನೆಯೊಂದುಂಟು: “ಬುದ್ಧೀ, ಪಾಠವೆಲ್ಲ ಅಂಗೈಯಲ್ಲಿರುವ ಫೋನಿನಲ್ಲೇ ದೊರೆಯುವಾಗ ಇನ್ನು ಕಾಲೇಜೇಕೆ, ವಿದ್ಯಾರ್ಥಿನಿಲಯವೇಕೆ?” ಪ್ರಶ್ನೆ ಸಹಜವಾದುದೇ. ಇದಕ್ಕೆ ಅಭಿಮಾನದಿಂದ ಉತ್ತರಿಸುವುದು ಸುಲಭ. ಆದರೆ ಹಾಗೆ ಕಲಿತವರ ಅನುಭವವೇ ಏನನ್ನು ಹೇಳುತ್ತದೆಂಬುದನ್ನು ವಿಚಾರಿಸುವುದು ಹೆಚ್ಚು ಉಚಿತ.

ಅಮೆರಿಕದ ಎಂ.ಐ.ಟಿ. ಎಂಬ ಪ್ರಖ್ಯಾತ ತಂತ್ರಜ್ಞಾನ ಸಂಸ್ಥೆಯು ೨೦೧೨ರ ಮಾರ್ಚ್ ತಿಂಗಳಲ್ಲಿ, ವಿದ್ಯುನ್ಮಂಡಲ ಮತ್ತು ಎಲೆಕ್ಟ್ರಾನಿಕ್ಸ್ ಕುರಿತ ತನ್ನ ಪಾಠವೊಂದನ್ನು ಅಂತರ್ಜಾಲದ ಮೂಲಕ ಶುಲ್ಕವಿಲ್ಲದೆ ಜಗತ್ತಿಗೆ ತೆರೆದಿಟ್ಟಿತು. ಅದನ್ನು ಬೋಧಿಸಿದವರಲ್ಲಿ ಪ್ರಮುಖರು ಪ್ರಾಧ್ಯಾಪಕ ಅನಂತ್ ಅಗರ್ವಾಲ್. ಅವರು ನಮ್ಮ ಮಂಗಳೂರಿನಲ್ಲಿ ಬೆಳೆದು, ಅಲ್ಲಿಯ ಸಂತ ಅಲೋಶಿಯಸ್ ವಿದ್ಯಾಸಂಸ್ಥೆಯಲ್ಲಿ ಓದಿ, ಮದರಾಸಿನ ಐ.ಐ.ಟಿ.ಯಲ್ಲಿ ಪದವಿ ಪಡೆದವರೆಂಬುದು ಕನ್ನಡಿಗರಿಗೆ ಸಂತೋಷದ ಸಂಗತಿ. ಆ ಪಾಠಕ್ಕೆ ಹೆಸರು ನೋಂದಾಯಿಸಿದವರು ೧,೫೪,೭೬೩ ಮಂದಿ. ಹದಿನಾಲ್ಕು ವಾರಗಳ ತರುವಾಯ ಪ್ರಮಾಣಪತ್ರ ಪಡೆದವರು ೭,೧೫೭ ಮಂದಿ. ನೂರಕ್ಕೆ ಐವರಿಗೂ ಕಡಿಮೆ. ಉಳಿದವರೆಲ್ಲ ಸೋತವರೆಂದು ಬಗೆಯುವುದು ನ್ಯಾಯವಲ್ಲ. ಇಣುಕಿ ನೋಡಲೆಂದೇ ಬಂದವರೂ ಅವರಲ್ಲಿ ಉಂಟು. ಆದರೂ, ಬಾಗಿಲು ತೆರೆದ ಮಾತ್ರಕ್ಕೆ ಎಲ್ಲರೂ ಒಳಮನೆಯನ್ನು ತಲುಪುವುದಿಲ್ಲವೆಂಬುದಂತೂ ಸ್ಪಷ್ಟ.

ಹಾಗಾದರೆ ತಲುಪಿದವರು ಹೇಗೆ ತಲುಪಿದರು? ಪ್ರಾಧ್ಯಾಪಕರೇ ೨೦೧೩ರ ಭಾಷಣವೊಂದರಲ್ಲಿ ಹೇಳಿದ ಪ್ರಸಂಗವೊಂದು ಇಲ್ಲಿ ಸ್ಮರಣೀಯ. ಒಂದು ರಾತ್ರಿ ಎರಡು ಗಂಟೆಯ ಹೊತ್ತಿನಲ್ಲಿ ಪಾಕಿಸ್ತಾನದ ವಿದ್ಯಾರ್ಥಿಯೊಬ್ಬನ ಪ್ರಶ್ನೆ ಬಂದಿತು. ಅವರು ಉತ್ತರವನ್ನು ಬರೆದು ಮುಗಿಸುವ ಮೊದಲೇ ಈಜಿಪ್ಟಿನ ವಿದ್ಯಾರ್ಥಿಯೊಬ್ಬ ಉತ್ತರಿಸಿದ. ಅದು ಪೂರ್ತಿ ಸರಿಯಾಗಿರಲಿಲ್ಲ. ಅದನ್ನು ತಿದ್ದುವಷ್ಟರಲ್ಲಿ ಅಮೆರಿಕದಿಂದ ಇನ್ನೊಂದು ಉತ್ತರ ಬಂದಿತು. ಪ್ರಾಧ್ಯಾಪಕರು ಕೈಕಟ್ಟಿ ನೋಡುತ್ತ ಕುಳಿತರು. ಬೆಳಗಿನ ಜಾವದ ನಾಲ್ಕು ಗಂಟೆಗೆ ವಿದ್ಯಾರ್ಥಿಗಳು ತಮ್ಮತಮ್ಮಲ್ಲೇ ಚರ್ಚಿಸಿ ಸರಿಯುತ್ತರವನ್ನು ಕಂಡುಕೊಂಡಿದ್ದರು. ಗುರುವಿಗೆ ಉಳಿದದ್ದು ‘ಸರಿ’ ಎಂದು ಒಪ್ಪಿಗೆ ನೀಡುವ ಕೆಲಸವೊಂದೇ.

ಅದೇ ಪಾಠದಲ್ಲಿ ಪೂರ್ಣಾಂಕ ಪಡೆದವರು ೩೪೦ ಮಂದಿ. ಅವರಲ್ಲೊಬ್ಬ ಮಂಗೋಲಿಯದ ಉಲಾನ್‌ಬಾತರ್ ನಗರದ ಬಟ್ಟುಶಿಗ್ ಎಂಬ ೧೫ ವರ್ಷದ ಬಾಲಕ. ಫೋನೊಂದಿದ್ದರೆ ಸಾಕೆಂಬುದಕ್ಕೆ ಈತನನ್ನೇ ಸಾಕ್ಷಿಯಾಗಿ ನಿಲ್ಲಿಸುವವರುಂಟು. ಆದರೆ ಎಂ.ಐ.ಟಿ.ಯಲ್ಲಿಯೇ ಓದಿ ಬಂದಿದ್ದ ಆತನ ಶಾಲೆಯ ಮುಖ್ಯೋಪಾಧ್ಯಾಯರು ಸುಮಾರು ಇಪ್ಪತ್ತು ಮಕ್ಕಳನ್ನು ಒಟ್ಟುಗೂಡಿಸಿ ಈ ಪಾಠಕ್ಕೆ ಸೇರಿಸಿದ್ದರು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧನಾ ವಿದ್ಯಾರ್ಥಿಯೊಬ್ಬರು ಪೆಟ್ಟಿಗೆಗಳಲ್ಲಿ ಪ್ರಯೋಗದ ಸಲಕರಣೆಗಳನ್ನು ಹೊತ್ತು ತಂದು, ಆ ಮಕ್ಕಳ ಜೊತೆಗಿದ್ದು ಕಲಿಸಿದ್ದರು. ಬಾಲಕನ ಪ್ರತಿಭೆ ನಿಸ್ಸಂಶಯ. ಆತನ ಪಕ್ಕದಲ್ಲಿ ಮನುಷ್ಯರಿದ್ದರೆಂಬುದೂ ಅಷ್ಟೇ ನಿಜ. ಈ ಪಾಠವನ್ನು ಕುರಿತು ೨೦೧೩ರಲ್ಲಿ ಪ್ರಕಟವಾದ ಅಧ್ಯಯನವೂ ಇದನ್ನೇ ಸೂಚಿಸುತ್ತದೆ: ಸಹಪಾಠಿಯೊಡನೆ ಅಥವಾ ವಿಷಯ ಬಲ್ಲವರೊಡನೆ ಕುಳಿತು ಕಲಿತವರು, ಒಂಟಿಯಾಗಿ ಕಲಿತವರಿಗಿಂತ ಸುಮಾರು ಮೂರು ಅಂಕ ಹೆಚ್ಚು ಗಳಿಸಿದ್ದರು.

ನಮ್ಮ ಕಣ್ಣೆದುರಿನ ಅನುಭವವೂ ಇದಕ್ಕೆ ಭಿನ್ನವಲ್ಲ. ೨೦೨೦ರ ಮಾರ್ಚ್‌ನಲ್ಲಿ ಮಹಾಮಾರಿಯ ನಿಮಿತ್ತ ನಿಲಯ ಬರಿದಾಯಿತು. ಹುಡುಗರು ಊರುಗಳಿಂದಲೇ ಪಾಠ ಕೇಳಬೇಕಾಯಿತು. ಮರಳಿ ಬಂದವರಲ್ಲಿ ತಾಂತ್ರಿಕ ವಿದ್ಯಾರ್ಥಿಯೊಬ್ಬ ನಮ್ಮೊಡನೆ ಹೇಳಿದ: “ಬುದ್ಧೀ, ಪ್ರಾಧ್ಯಾಪಕರು ಚೆನ್ನಾಗಿಯೇ ಹೇಳುತ್ತಿದ್ದರು. ನನಗೆ ತಿಳಿಯಲಿಲ್ಲವೆಂಬುದು ಮಾತ್ರ ಅವರಿಗೆ ತಿಳಿಯುತ್ತಿರಲಿಲ್ಲ.” ಆ ಹುಡುಗನ ಮಾತು ಬಹುದಿನ ನಮ್ಮ ಮನಸ್ಸನ್ನು ಕಾಡಿತು.

ಮುಂದಿನ ವರ್ಷ ಅವನೂ ಇನ್ನು ಮೂವರೂ, ಐ.ಐ.ಟಿ.ಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿ ನಡೆಸುವ ಎನ್.ಪಿ.ಟಿ.ಇ.ಎಲ್. ಪಾಠವೊಂದಕ್ಕೆ ಹೆಸರು ಕೊಟ್ಟರು. ಮೂರನೆಯ ವಾರಕ್ಕೆ ನಾಲ್ವರೂ ತೊಡಕಿನಲ್ಲಿ ಸಿಲುಕಿದರು. ಆಗ ಇದೇ ನಿಲಯದಲ್ಲಿ ಓದಿ ನಿವೃತ್ತರಾಗಿದ್ದ ಅಭಿಯಂತರರೊಬ್ಬರು ಭಾನುವಾರದ ಸಂಜೆಗಳಲ್ಲಿ ಬಂದು ಅವರ ಜೊತೆ ಕೂಡತೊಡಗಿದರು. ಹೊಸ ವಿಷಯಗಳೆಲ್ಲ ಅವರಿಗೂ ತಿಳಿದಿರಲಿಲ್ಲ. ಪಾಠವನ್ನು ನಡುನಡುವೆ ನಿಲ್ಲಿಸಿ, “ಇದು ಹೀಗೇಕೆ? ನನಗೆ ಹೇಳಿಕೊಡಿರಪ್ಪ” ಎಂದು ಕೇಳುತ್ತಿದ್ದರು, ಅಷ್ಟೆ. ಮೂವರು ಆ ಅವಧಿಯಲ್ಲಿಯೇ ತೇರ್ಗಡೆಯಾದರು. ನಾಲ್ಕನೆಯವನು ಮರು ಅವಧಿಯಲ್ಲಿ ದಡ ಸೇರಿದ.

ವಾಚಕ ಮಹಾಶಯರೇ, ದೂರದ ಗುರುವನ್ನು ನಾವು ಹಗುರಾಗಿ ಕಾಣುತ್ತಿಲ್ಲ. ಬಡವರ ಮಕ್ಕಳಿಗೆ ಕನಸಾಗಿದ್ದ ಪಂಡಿತರ ವಾಣಿ ಇಂದು ಹಳ್ಳಿಯ ಜಗುಲಿಗೂ ಬಂದಿರುವುದು ದೊಡ್ಡ ಉಪಕಾರ. ಅರ್ಥವಾಗದೆ ಮಂಕಾದ ಮುಖವನ್ನು ಗುರುತಿಸುವ ಕೆಲಸ ಮಾತ್ರ ಅಲ್ಲಿಂದ ಆಗದು. ಅದನ್ನು ಹತ್ತಿರವಿರುವವರೇ ಮಾಡಬೇಕು. ವಿದ್ಯಾರ್ಥಿನಿಲಯವೇಕೆಂದು ಕೇಳುವವರಿಗೆ ನಮ್ಮ ಉತ್ತರ ಇದು.

ಇದರೊಂದಿಗೆ ತಮ್ಮಲ್ಲಿ ಒಂದು ಬೇಡಿಕೆಯೂ ಇದೆ. ಹಳೆಯ ವಿದ್ಯಾರ್ಥಿಗಳಾದ ತಾವು ನಿಲಯಕ್ಕೆ ಧನವನ್ನೂ ಧಾನ್ಯವನ್ನೂ ನೀಡುತ್ತಲೇ ಬಂದಿದ್ದೀರಿ. ಇನ್ನು ಮುಂದೆ ವಾರಕ್ಕೊಂದು ಸಂಜೆಯನ್ನೂ ನೀಡಿರಿ. ನಿಲಯ ದೂರವಾದರೆ ತಮ್ಮ ಬೀದಿಯಲ್ಲೇ ಫೋನು ಹಿಡಿದು ಒಂಟಿಯಾಗಿ ಓದುತ್ತಿರುವ ಒಬ್ಬ ಹುಡುಗನೋ ಹುಡುಗಿಯೋ ಇದ್ದೇ ಇರುವರು. ಅವರ ಪಕ್ಕದಲ್ಲಿ ಕುಳಿತು, ಇಂದು ಯಾವ ಪಾಠವಾಯಿತು, ಎಲ್ಲಿ ತೊಡಕಾಯಿತು ಎಂದು ಕೇಳಿರಿ. ತಮಗೆಲ್ಲರಿಗೂ ಶುಭವಾಗಲಿ.