ತನನಾ ನದಿಯ ದಡದ ತಂಗುಮನೆ

ಅಮೆರಿಕ ಸಂಯುಕ್ತ ಸಂಸ್ಥಾನಗಳಿಗೆ ಸೇರಿದ ಅಲಾಸ್ಕಾದಲ್ಲಿ, ವಾಲ್ಡೀಜ್ ಎಂಬ ರೇವುಪಟ್ಟಣದಿಂದ ಹೊರಟು ಒಳನಾಡಿನ ಫೇರ್‌ಬ್ಯಾಂಕ್ಸ್ ನಗರವನ್ನು ಮುಟ್ಟುವ ಒಂದು ರಸ್ತೆಯುಂಟು. ಅದರ ಉದ್ದ 360 ಮೈಲಿಗೂ ಮಿಕ್ಕುದು. ಹೆಸರು ರಿಚರ್ಡ್‌ಸನ್ ಹೆದ್ದಾರಿ. ಸೃಷ್ಟಿಸೌಂದರ್ಯವನ್ನು ಕಾಣಬಯಸುವವರು ದೂರದೇಶಗಳಿಂದ ಬಂದು ಈ ದಾರಿಯಲ್ಲಿ ಸಂಚರಿಸುವರು. ನಾವೂ ಹಾಗೆಯೇ ಹೋದವರು. ಆದರೆ ವಾಚಕರ ಮುಂದೆ ಈಗ ಇಡಬೇಕೆಂದಿರುವುದು ಅಲ್ಲಿಯ ಹಿಮಗಿರಿಗಳ ವರ್ಣನೆಗಿಂತ ಮುಖ್ಯವಾಗಿ ಒಂದು ಮರದ ಮನೆಯ ಸಂಗತಿ. 275ನೆಯ ಮೈಲಿಯ ಬಳಿ, ತನನಾ ನದಿಯ ದಕ್ಷಿಣದ ದಡದಲ್ಲಿ ಅದು ನಿಂತಿದೆ. ಅದನ್ನು ಸುಮಾರು ಮೂವತ್ತು ವರ್ಷಗಳ ಕಾಲ ನಡೆಸಿದವಳು ರೀಕಾ ವಾಲೆನ್ ಎಂಬ ಸ್ವೀಡನ್ ದೇಶದ ಹೆಂಗಸು.

ಮೊದಲು ದಾರಿ ಹುಟ್ಟಿದ ಬಗೆಯನ್ನು ಹೇಳಬೇಕು. 1898ರಲ್ಲಿ ಕ್ಲಾಂಡೈಕಿನ ಚಿನ್ನದ ಸುದ್ದಿಯನ್ನು ಕೇಳಿ ಸಾವಿರಾರು ಜನರು ವಾಲ್ಡೀಜಿನಲ್ಲಿ ಬಂದಿಳಿದರು. ದಾರಿಯಿಲ್ಲದ ಕಡೆ ಹಿಮನದಿಯ ಮೇಲೆಯೇ ಹಾದು ಒಳನಾಡಿಗೆ ಹೊರಟ ಅವರಲ್ಲಿ ಅನೇಕರು ಪಡಬಾರದ ಪಾಡನ್ನು ಪಟ್ಟರು. ಮರುವರ್ಷ ಅಮೆರಿಕದ ಸೈನ್ಯದವರು ಹೇರುಗುದುರೆ ನಡೆಯುವಷ್ಟು ಅಗಲದ ಜಾಡನ್ನು ಕಡಿಯತೊಡಗಿದರು. 1902ರಲ್ಲಿ ಫೀಲಿಕ್ಸ್ ಪೆಡ್ರೋ ಎಂಬ ಇಟಲಿಯವನಿಗೆ ಫೇರ್‌ಬ್ಯಾಂಕ್ಸಿನ ಆಸುಪಾಸಿನಲ್ಲಿ ಚಿನ್ನ ಸಿಕ್ಕಿತು. ಜನರ ಓಟ ಅತ್ತ ತಿರುಗಿತು. ಹಿಂದೆಯೇ ಜಾಡೂ ಅತ್ತ ತಿರುಗಿತು. 1905ರಲ್ಲಿ ಏರ್ಪಟ್ಟ ಅಲಾಸ್ಕಾ ರಸ್ತೆಗಳ ಮಂಡಲಿಗೆ ವೈಲ್ಡ್ಸ್ ರಿಚರ್ಡ್‌ಸನ್ ಎಂಬ ಸೇನಾಧಿಕಾರಿಯು ಅಧ್ಯಕ್ಷನಾದನು. ರಸ್ತೆಗೆ ಇಂದಿಗೂ ಅವನ ಹೆಸರೇ ಇದೆ. 1910ರ ವೇಳೆಗೆ ಅದು ಬಂಡಿ ಓಡುವ ದಾರಿಯಾಯಿತು. 1913ರಲ್ಲಿ ಬಾಬಿ ಶೆಲ್ಡನ್ ಎಂಬ ತರುಣನು ಫೋರ್ಡ್ ಮೋಟಾರಿನಲ್ಲಿ ಫೇರ್‌ಬ್ಯಾಂಕ್ಸಿನಿಂದ ವಾಲ್ಡೀಜಿನವರೆಗೂ ಹೋಗಿ ಎಲ್ಲರನ್ನೂ ಬೆರಗುಗೊಳಿಸಿದನು.

ನಮ್ಮ ಕಡೆಯವರಿಗೆ ವಿಚಿತ್ರವಾಗಿ ತೋರುವ ವಿಷಯವೊಂದಿದೆ. ಆ ಕಾಲದಲ್ಲಿ ಅಲ್ಲಿಯ ಜನರು ಪ್ರಯಾಣಕ್ಕೆ ಬೇಸಗೆಗಿಂತ ಚಳಿಗಾಲವೇ ಮೇಲೆಂದು ಭಾವಿಸುತ್ತಿದ್ದರು. ಬೇಸಗೆಯಲ್ಲಿ ನೆಲವೆಲ್ಲ ಕೆಸರು, ಹೊಳೆಗಳೆಲ್ಲ ತುಂಬಿ ಹರಿಯುವುವು, ಸೊಳ್ಳೆಗಳ ಕಾಟವಂತೂ ಹೇಳತೀರದು. ಚಳಿಗಾಲದಲ್ಲಾದರೋ ಕೆಸರು ಕಲ್ಲಾಗುವುದು, ನದಿಯೇ ರಸ್ತೆಯಾಗುವುದು, ಕುದುರೆ ಕಟ್ಟಿದ ಜಾರುಬಂಡಿ ಸರಾಗವಾಗಿ ಸಾಗುವುದು. ಆದರೆ ಫಾರನ್‌ಹೀಟ್ ಮಾಪಕದಲ್ಲಿ ಸೊನ್ನೆಗಿಂತ 40 ಡಿಗ್ರಿ ಕೆಳಗಿಳಿಯುವ ಆ ಚಳಿಯಲ್ಲಿ ಬಯಲಲ್ಲಿ ಮಲಗಿದವನು ಬೆಳಗಾಗೆ ಏಳುವ ಭರವಸೆಯಿಲ್ಲ. ಆದುದರಿಂದ ದಾರಿಯುದ್ದಕ್ಕೂ, ದಿನದ ನಡಗೆಗೆ ಒಂದೋ ಎರಡೋ ಸಿಕ್ಕುವಂತೆ, ತಂಗುಮನೆಗಳು ಹುಟ್ಟಿಕೊಂಡುವು. ಅವುಗಳಿಗೆ ರೋಡ್‌ಹೌಸ್ ಎಂದು ಹೆಸರು. ನಮ್ಮ ಛತ್ರಗಳಂತೆ ಪುಣ್ಯಾರ್ಥವಾಗಿ ಕಟ್ಟಿಸಿದುವಲ್ಲ; ಊಟಕ್ಕೂ ಹಾಸಿಗೆಗೂ ಹಣ ಕೊಡಬೇಕು, ಹಣವೂ ಕಡಮೆಯದಲ್ಲ. ಆದರೂ ಹಿಮದ ಬಿರುಗಾಳಿಯಲ್ಲಿ ದೂರದಿಂದ ಕಾಣುವ ಒಂದು ದೀಪಕ್ಕೆ ಬೆಲೆ ಕಟ್ಟುವವರಾರು?

ವಾಲ್ಡೀಜನ್ನು ಬಿಟ್ಟೊಡನೆಯೇ ರಸ್ತೆ ಕೀಸ್ಟೋನ್ ಎಂಬ ಇಕ್ಕಟ್ಟಾದ ಕಣಿವೆಯನ್ನು ಹೊಗುತ್ತದೆ. ಎರಡು ಕಡೆಯೂ ಕಡಿದಾದ ಬಂಡೆಗಳು, ಅವುಗಳ ಮೇಲಿಂದ ರಸ್ತೆಯ ಪಕ್ಕಕ್ಕೇ ಇಳಿಯುವ ಜಲಪಾತಗಳು. ಬಳಿಕ ಥಾಂಪ್ಸನ್ ಕಣಿವೆಹಾದಿಯನ್ನು ಹತ್ತಿದರೆ ವರ್ತಿಂಗ್ಟನ್ ಹಿಮನದಿ. ಅದರ ನೀಲಿಯ ಅಂಚನ್ನು ಮೋಟಾರಿನಲ್ಲಿ ಕುಳಿತೇ ನೋಡಬಹುದು. ಇಲ್ಲಿಯ ಮೈಲಿಗಲ್ಲುಗಳದೊಂದು ತಮಾಷೆಯುಂಟು. 1964ರ ಮಹಾಭೂಕಂಪದಲ್ಲಿ ಹಳೆಯ ವಾಲ್ಡೀಜ್ ಹಾಳಾಗಿ ಊರನ್ನೇ ನಾಲ್ಕು ಮೈಲಿ ಆಚೆಗೆ ಸಾಗಿಸಿದರು. ಮೈಲಿಯ ಲೆಕ್ಕ ಮಾತ್ರ ಇಲ್ಲದ ಹಳೆಯ ಊರಿನಿಂದಲೇ ಇಂದಿಗೂ ನಡೆದಿದೆ! ಮುಂದೆ ರಾಂಗೆಲ್ ಪರ್ವತಗಳನ್ನು ಬಲಕ್ಕೆ ಬಿಟ್ಟು, ಅಲಾಸ್ಕಾ ಪರ್ವತಶ್ರೇಣಿಯನ್ನು ಇಸಬೆಲ್ ಕಣಿವೆಹಾದಿಯಲ್ಲಿ ದಾಟಿ, ಡೆಲ್ಟಾ ನದಿಯ ಜೊತೆಗೂಡಿ ಇಳಿದು, ಡೆಲ್ಟಾ ಜಂಕ್ಷನ್ ಎಂಬ ಊರನ್ನು ಸೇರಿದೆವು. 1942ರಲ್ಲಿ ಯುದ್ಧಕ್ಕೋಸ್ಕರ ಕೆನಡದ ಮೂಲಕ ಕಡಿದ ಅಲಾಸ್ಕಾ ಹೆದ್ದಾರಿ ಬಂದು ಕೂಡುವುದು ಇಲ್ಲಿಯೇ. ಇಲ್ಲಿಂದ ಉತ್ತರಕ್ಕೆ ಒಂಬತ್ತು ಮೈಲಿ ಹೋದರೆ ಬಿಗ್ ಡೆಲ್ಟಾ. ಹೆದ್ದಾರಿಯನ್ನು ಬಿಟ್ಟು ಸ್ವಲ್ಪ ಒಳಗೆ ಹೋದರೆ ತಂಗುಮನೆ.

ಹತ್ತು ಎಕರೆಯ ಉದ್ಯಾನದ ನಡುವೆ, ನದಿಗೆ ಮುಖಮಾಡಿ, ದಪ್ಪ ದಪ್ಪ ಮರದ ದಿಮ್ಮಿಗಳನ್ನು ಒಂದರ ಮೇಲೊಂದಿಟ್ಟು ಕಟ್ಟಿದ ದೊಡ್ಡ ಮನೆ. ಸುತ್ತಲೂ ಹಸುರು ಹುಲ್ಲು. ಅಲ್ಲಲ್ಲಿ ಕೊಟ್ಟಿಗೆ, ಕಣಜ, ಕಮ್ಮಾರಸಾಲೆ, ಮಾಡಿನ ಮೇಲೆ ಮಣ್ಣು ಹುಲ್ಲುಗಳನ್ನು ಹೊದಿಸಿದ ಸಣ್ಣ ಗುಡಿಸಲು. ಸೈನ್ಯದವರು 1907ರಲ್ಲಿ ಕಟ್ಟಿದ ತಂತಿಕಚೇರಿಯೂ ಅದೇ ಆವರಣದಲ್ಲಿದೆ. ತನನಾ ನದಿ ಹಿಮನದಿಗಳ ಪುಡಿಮಣ್ಣನ್ನು ಹೊತ್ತು, ಅಕ್ಕಿ ತೊಳೆದ ನೀರಿನ ಬಣ್ಣದಲ್ಲಿ, ಸದ್ದು ಮಾಡದೆ ಭರದಿಂದ ಹರಿಯುತ್ತದೆ. ಇದು ಬಹುಕಾಲದಿಂದ ಅಥಬಾಸ್ಕನ್ ಎಂಬ ಮೂಲನಿವಾಸಿಗಳ ನದಿ. ಅವರಿಗೆ ಮೀನನ್ನೂ ದಾರಿಯನ್ನೂ ಕೊಟ್ಟುದು ಇದೇ.

ಮನೆಯನ್ನು 1910ರ ಸುಮಾರಿನಲ್ಲಿ ಕಟ್ಟಿಸಿದವನು ಜಾನ್ ಹೈಡುಕೋವಿಚ್. ಯೂರೋಪಿನ ಮಾಂಟಿನೀಗ್ರೋ ಕಡೆಯಿಂದ ಬಂದವನು, ವ್ಯಾಪಾರಿ, ಬೇಟೆಗಾರರಿಗೆ ದಾರಿತೋರುಗ. ಒಂದೆಡೆ ಕೂರುವ ಜಾಯಮಾನದವನಲ್ಲ. ತನನಾ ನದಿಯ ಮೇಲ್ಗಡೆಯ ಹಳ್ಳಿಗಳಲ್ಲಿ ತುಪ್ಪುಳಿನ ಚರ್ಮದ ವ್ಯಾಪಾರ ಮಾಡುತ್ತ ಅಲೆಯುವುದರಲ್ಲೇ ಅವನಿಗೆ ಸಂತೋಷ. ಅಲ್ಲಿಯ ಮೂಲನಿವಾಸಿಗಳ ಬೇಟೆಯ ನೆಲ ಹೊರಗಿನವರ ಪಾಲಾಗಬಾರದೆಂದು ಸರ್ಕಾರಕ್ಕೆ ಒತ್ತಾಯ ಮಾಡಿದವರಲ್ಲಿ ಅವನೂ ಒಬ್ಬನು. 1930ರಲ್ಲಿ ಟೆಟ್ಲಿನ್ ಪ್ರದೇಶ ಅವರಿಗಾಗಿ ಕಾದಿರಿಸಲ್ಪಟ್ಟಿತು. ಇಂಥವನಿಗೆ ತಂಗುಮನೆಯನ್ನು ನೋಡಿಕೊಳ್ಳಲು ಒಬ್ಬರು ಬೇಕಾಗಿತ್ತು.

1917ರಲ್ಲಿ ಆ ಕೆಲಸಕ್ಕೆ ರೀಕಾ ಬಂದಳು. 1891ರಲ್ಲಿ ಸ್ವೀಡನ್ನಿನಿಂದ ಅಮೆರಿಕಕ್ಕೆ ಬಂದು, ಮಿನಿಸೋಟಾದಲ್ಲಿದ್ದ ಅಣ್ಣನ ಜೊತೆಗಿದ್ದು, ಬಳಿಕ ಸ್ಯಾನ್ ಫ್ರಾನ್ಸಿಸ್ಕೋ ನಗರದ ಶ್ರೀಮಂತರೊಬ್ಬರ ಮನೆಯಲ್ಲಿ ಅಡುಗೆ ಮಾಡಿದವಳು. ಅಲಾಸ್ಕಾ ತನ್ನ ಸ್ವೀಡನ್ನಿನಂತಿರಬಹುದೆಂಬ ಆಸೆಯಿಂದ 1916ರಲ್ಲಿ ವಾಲ್ಡೀಜಿಗೆ ಬಂದಳೆಂದು ಹೇಳುತ್ತಾರೆ. ಕೆನೆಕಾಟ್ ತಾಮ್ರದ ಗಣಿಯಲ್ಲಿ ಅಡುಗೆಯ ಕೆಲಸ ಮಾಡಿ, ಅಲ್ಲಿಂದ ಈ ನದಿಯ ದಡಕ್ಕೆ ಬಂದಳು. ಹೈಡುಕೋವಿಚನು ಊರೂರು ಅಲೆಯುತ್ತಿದ್ದರೆ ಒಲೆ ಆರದಂತೆ ನೋಡಿಕೊಂಡವಳು ಇವಳು.

1923ರಲ್ಲಿ ಮನೆಯ ಕ್ರಯಪತ್ರ ರೀಕಾಳ ಹೆಸರಿಗಾಯಿತು. ಪತ್ರದಲ್ಲಿ ಬರೆದಿರುವ ಬೆಲೆ 10 ಡಾಲರು ‘ಮತ್ತು ಇತರ ಪ್ರತಿಫಲಗಳು’. ಈ ಇತರ ಪ್ರತಿಫಲಗಳು ಏನೆಂದರೆ, ಆಕೆಗೆ ಬರಬೇಕಾಗಿದ್ದ ಸಂಬಳದ ಬಾಕಿಯೇ ಇರಬೇಕೆಂದು ಚರಿತ್ರೆಯನ್ನು ಬಲ್ಲವರ ಅಭಿಪ್ರಾಯ. ಆರು ವರ್ಷಗಳ ಅಡುಗೆ, ಬಟ್ಟೆ ಒಗೆತ, ಸೌದೆ, ನೀರು, ಬಂದವರ ಉಪಚಾರ, ಎಲ್ಲವೂ ಆ ಎರಡು ಪದಗಳಲ್ಲಿ ಅಡಗಿಹೋದುವು. ಮನೆಗೆಲಸಕ್ಕೆ ಲೆಕ್ಕ ಬರೆಯುವ ರೂಢಿ ಲೋಕದಲ್ಲಿ ಎಲ್ಲಿಯೂ ಹೆಚ್ಚಾಗಿಲ್ಲವಾದುದರಿಂದ, ಆಕೆಗೆ ಅಷ್ಟಾದರೂ ಪತ್ರಮುಖೇನ ದೊರೆತುದನ್ನು ಭಾಗ್ಯವೆಂದು ಕೆಲವರು ಎಣಿಸಬಹುದು. ನಮಗೆ ಹಾಗೆ ತೋರಲಿಲ್ಲ. ಏಕೆಂದರೆ ಕೈಗೆ ಬಂದ ಆ ಆಸ್ತಿಯ ಬೆಲೆ ಅದೇ ವರ್ಷ ಕುಸಿಯತೊಡಗಿತ್ತು. 1923ನೆಯ ಜುಲೈ 15ರಂದು ಅಮೆರಿಕದ ಅಧ್ಯಕ್ಷ ಹಾರ್ಡಿಂಗನು ಇದೇ ತನನಾ ನದಿಯ ಕೆಳಗಣ ನೆನಾನಾ ಎಂಬಲ್ಲಿ ಚಿನ್ನದ ಮೊಳೆಯನ್ನು ಹೊಡೆದು ಅಲಾಸ್ಕಾ ರೈಲ್ವೆಯನ್ನು ಸಮಾಪ್ತಿಗೊಳಿಸಿದನು. ಕಡಲಿನಿಂದ ಫೇರ್‌ಬ್ಯಾಂಕ್ಸಿಗೆ ರೈಲು ಬಂದಮೇಲೆ ಜಾರುಬಂಡಿಯಲ್ಲಿ ನಡುಗುತ್ತ ಬರುವವರು ಎಷ್ಟು ಮಂದಿ? ದಾರಿಯ ತಂಗುಮನೆಗಳು ಒಂದೊಂದಾಗಿ ಬಾಗಿಲು ಮುಚ್ಚತೊಡಗಿದುವು.

ರೀಕಾ ಬಾಗಿಲು ಮುಚ್ಚಲಿಲ್ಲ. ಪಕ್ಕದ ಭೂಮಿಯನ್ನೂ ಸಾಗುವಳಿ ಮಾಡಿ ತನ್ನದಾಗಿಸಿಕೊಂಡಳು. ಡಿಸೆಂಬರಿನಲ್ಲಿ ದಿನಕ್ಕೆ ನಾಲ್ಕು ಗಂಟೆಯಷ್ಟೇ ಸೂರ್ಯನನ್ನು ಕಾಣುವ ಆ ಸೀಮೆಯಲ್ಲಿ ಆಡು, ಕುರಿ, ಕೋಳಿ, ಬಾತುಗಳನ್ನು ಸಾಕಿದಳು, ಜೇನುಗೂಡುಗಳನ್ನಿಟ್ಟಳು, ಕುರಿಯ ಉಣ್ಣೆಯನ್ನು ತಾನೇ ನೂತಳು. ಜೂನಿನಲ್ಲಿ ಇಪ್ಪತ್ತು ಗಂಟೆಗೂ ಮೀರಿ ಬೆಳಕಿರುವುದರಿಂದ ತರಕಾರಿ ಬೇಗಬೇಗನೆ ಬೆಳೆಯುವುದು. ಹಿಮ ಬೀಳದಿರುವ ಆ ಕೆಲವೇ ವಾರಗಳಲ್ಲಿ ವರ್ಷದ ಬಾಳು ಕೂಡಿಡಬೇಕು. ಹಸುರು ತರಕಾರಿ, ಹೊಸ ಹಾಲು, ಹೊಸ ಮೊಟ್ಟೆಗಳು ಡಬ್ಬಿಯ ಅನ್ನವನ್ನೇ ಉಂಡು ಬೇಸತ್ತ ದಾರಿಗರಿಗೆ ಏನಾಗಿ ತೋರಿರಬಹುದೆಂಬುದನ್ನು ಗೃಹಿಣಿಯರು ಊಹಿಸಬಲ್ಲರು. ಅಂಚೆಯ ಕೆಲಸವನ್ನೂ ಆಕೆ ವಹಿಸಿಕೊಂಡು 1946ರವರೆಗೆ ನಡೆಸಿದಳು. ಸುತ್ತಣ ಬೇಟೆಗಾರರಿಗೂ ಒಂಟಿ ರೈತರಿಗೂ ಕಾಗದ ಬರುವ ಸ್ಥಳ ಅದೊಂದೇ ಆದುದರಿಂದ, ಊಟಕ್ಕೆ ಬಾರದವರೂ ಓಲೆಗಾಗಿ ಬರುತ್ತಿದ್ದರು.

ಮನೆ ಉಳಿದುದಕ್ಕೆ ಇನ್ನೊಂದು ಕಾರಣ ನದಿ. ಇಲ್ಲಿ ಸೇತುವೆಯಿರಲಿಲ್ಲ. ಬಂಡಿ, ಮೋಟಾರುಗಳು ಯಾವುವೇ ಆಗಲಿ, ರಸ್ತೆ ಮಂಡಲಿಯವರ ಕಡವಿನ ತೆಪ್ಪದಲ್ಲಿಯೇ ಹಾಯಬೇಕು, ತೆಪ್ಪ ಆಚೆಯ ದಡದಲ್ಲಿದ್ದರೆ ಕಾಯಬೇಕು, ಕಾಯುವವನಿಗೆ ಹಸಿವಾಗಬೇಕು! 1935ರಲ್ಲಿ ರೈಲ್ವೆಗೆ ನಷ್ಟವಾಗಬಾರದೆಂದು ಸರ್ಕಾರದವರು ಈ ಕಡವಿನಲ್ಲಿ ಸಾಮಾನು ಸಾಗಿಸುವ ಲಾರಿಗಳಿಗೆ ಸುಂಕ ಹಾಕಿದರು. ಲಾರಿಯವರಲ್ಲಿ ಕೆಲವರು ಸಿಟ್ಟಿಗೆದ್ದು ತಮ್ಮದೇ ತೆಪ್ಪವನ್ನು ಹೂಡಿ ಸುಂಕವಿಲ್ಲದೆ ದಾಟಿದ ಕಥೆಯನ್ನು ಅಲ್ಲಿಯವರು ಈಗಲೂ ನಗುತ್ತ ಹೇಳುತ್ತಾರೆ. ನಲವತ್ತರ ದಶಕದಲ್ಲಿ ಸೇತುವೆಯಾಯಿತು. ತೆಪ್ಪ ನಿಂತಿತು, ರಸ್ತೆ ಮನೆಯಂಗಳವನ್ನು ಬಿಟ್ಟು ಪಕ್ಕಕ್ಕೆ ಸರಿಯಿತು. ರೈಲು ಮಾಡಲಾರದುದನ್ನು ಸೇತುವೆ ಮಾಡಿತು. ಆ ದಶಕ ಮುಗಿಯುವುದರೊಳಗೆ ತಂಗುಮನೆಯ ವ್ಯವಹಾರ ಕೊನೆಗೊಂಡಿತು. ರೀಕಾ ಮಾತ್ರ ಅಲ್ಲಿಯೇ ಉಳಿದು, 1969ರಲ್ಲಿ ತೀರಿಕೊಂಡಳು.

1976ರಲ್ಲಿ ಈ ಮನೆ ರಾಷ್ಟ್ರದ ಐತಿಹಾಸಿಕ ಸ್ಥಳಗಳ ಪಟ್ಟಿಯಲ್ಲಿ ಸೇರಿತು. ಎಂಬತ್ತರ ದಶಕದಲ್ಲಿ ಅಲಾಸ್ಕಾ ಸರ್ಕಾರದ ಉದ್ಯಾನ ಇಲಾಖೆಯವರು ಅದನ್ನು ಜೀರ್ಣೋದ್ಧಾರ ಮಾಡಿದರು. ಕೆಲಸ ಅಚ್ಚುಕಟ್ಟಾಗಿದೆ; ಹಳೆಯ ದಿಮ್ಮಿಗಳ ಅಂದ ಕೆಟ್ಟಿಲ್ಲ; ದುಡ್ಡು ಖರ್ಚಾಗಿರುವುದು ಕಾಣುವಂತೆ ಎಲ್ಲಿಯೂ ಮೆರುಗು ಹಚ್ಚಿಲ್ಲ. ಇದಕ್ಕಾಗಿ ಅವರನ್ನು ಮೆಚ್ಚಲೇಬೇಕು. ಆದರೂ ಆ ಶುಚಿಯಾದ ಮನೆಯ ಎದುರು ನಿಂತಾಗ ಒಂದು ಕೊರತೆ ನಮ್ಮನ್ನು ಕಾಡಿತು. ಒದ್ದೆ ಉಣ್ಣೆಯ ನಾತ, ಗಾಡಿಕಾರರ ಗೊರಕೆ, ಹಸಿ ಚರ್ಮಗಳ ವಾಸನೆ, ನಡುರಾತ್ರಿಯಲ್ಲಿ ಬಾಗಿಲು ಬಡಿದವನಿಗಾಗಿ ಮತ್ತೆ ಒಲೆ ಹೊತ್ತಿಸುವ ಹೆಂಗಸಿನ ಆಯಾಸ, ಇವುಗಳನ್ನು ಯಾವ ಇಲಾಖೆ ತಾನೆ ಜೀರ್ಣೋದ್ಧಾರ ಮಾಡೀತು? ಮನೆಗಿಂತಲೂ ಕೊಟ್ಟಿಗೆಯ ಬಳಿ ನಮಗೆ ರೀಕಾ ಹೆಚ್ಚು ಹತ್ತಿರವಾದಳು. ಜನವರಿಯ ಕತ್ತಲೆಯಲ್ಲಿ ಮನೆಯಿಂದ ಕೊಟ್ಟಿಗೆಗೆ ನಡೆಯುವ ದೂರವನ್ನು ಹೆಜ್ಜೆಯಿಂದ ಅಳೆದು ನೋಡಿದರೆ ಆಕೆಯ ಸಂಬಳದ ಬಾಕಿ ಎಷ್ಟಿರಬಹುದೆಂಬುದರ ಅಂದಾಜು ಸಿಕ್ಕುತ್ತದೆ.

ನೋಡಹೋಗುವವರು ಫೇರ್‌ಬ್ಯಾಂಕ್ಸಿನಿಂದ ಹೊರಟರೆ ಸುಮಾರು ತೊಂಬತ್ತು ಮೈಲಿ. ಬೆಳಗ್ಗೆ ಹೋಗಿ ಸಂಜೆಗೆ ಹಿಂದಿರುಗಬಹುದು. ಬೇಸಗೆಯಲ್ಲಿ ಹೋಗುವುದು ಮೇಲು. ಸೊಳ್ಳೆಗೆ ಮೈತುಂಬ ಬಟ್ಟೆ ಅವಶ್ಯ. ನದಿಯನ್ನು ದಾಟುವ ಕಡೆ ಹೆದ್ದಾರಿಯ ಸೇತುವೆಯ ಪಕ್ಕದಲ್ಲಿ ಉಕ್ಕಿನ ಹಗ್ಗಗಳಿಂದ ತೂಗುಬಿಟ್ಟ ಭಾರಿ ಕೊಳವೆಯೊಂದು ಕಾಣುವುದು. ಉತ್ತರದ ಕಡಲಂಚಿನಿಂದ ವಾಲ್ಡೀಜಿನವರೆಗೆ 800 ಮೈಲಿ ಕಲ್ಲೆಣ್ಣೆಯನ್ನು ಸಾಗಿಸುವ ಕೊಳವೆ ಅದು, 1977ರಿಂದ ಹರಿಯುತ್ತಿದೆ. ರೀಕಾಳ ಅತಿಥಿಗಳು ಬಂದ ಹಾದಿಯಲ್ಲೇ, ಎದುರು ದಿಕ್ಕಿಗೆ, ರಾತ್ರಿ ಎಲ್ಲಿಯೂ ತಂಗದೆ ಆ ಎಣ್ಣೆ ಹೋಗುತ್ತದೆ. ರೀಕಾಳ ಸಮಾಧಿ ತಂಗುಮನೆಯ ಹತ್ತಿರದಲ್ಲಿಯೇ ಇದೆ.