ಆಕಾಶದ ಹೂವು, ನೆಲದ ಪಾಠ

ಶಾಲೆಯೆಂದರೆ ನನಗೆ ಮೊದಲು ನೆನಪಾಗುವುದು ನನ್ನ ಎಡಗೈಯ ಸುಟ್ಟ ಕಲೆ. ಕೆ.ಟಿ. ದೊಡ್ಡಿಯಲ್ಲಿ ಒಂದು ದೀಪಾವಳಿಯ ಮರುದಿನ, ಸಿಡಿಯದೆ ಉಳಿದ ಪಟಾಕಿಗಳ ಮದ್ದು ಕೂಡಿಸಿ ಆಕಾಶಬಿರುಸು ಮಾಡಹೊರಟಿದ್ದೆ. ಅದು ಕೈಯಲ್ಲೇ ಹೊತ್ತಿಕೊಂಡಿತು.

ಕೈಗೆ ಬಟ್ಟೆ ಸುತ್ತಿಕೊಂಡು ತರಗತಿಗೆ ಬಂದ ನನ್ನನ್ನು ವಿಜ್ಞಾನದ ಮೇಷ್ಟ್ರು ಗದರಿಸಲಿಲ್ಲ. ಕಪ್ಪುಹಲಗೆಯ ಮೇಲೆ ಸಿಲಿಂಡರಿನಾಕಾರದ ಬಿರುಸೊಂದನ್ನು ಬರೆದರು. "ನೋಡಪ್ಪಾ, ಈ ಕಾಗದದ ಗೂಡಿನೊಳಗೆ ಬಣ್ಣದ ಉಂಡೆಗಳಿರುತ್ತವೆ. ಅಡಿಯ ಮದ್ದು ಇದನ್ನು ಮೇಲಕ್ಕೆಸೆಯುತ್ತದೆ. ತುದಿ ಮುಟ್ಟುವ ಹೊತ್ತಿಗೆ ಬತ್ತಿ ಉರಿದು ಒಳಕ್ಕೆ ಕಿಡಿ ಮುಟ್ಟಿಸುತ್ತದೆ. ಕೆಂಪಿಗೆ ಸ್ಟ್ರಾನ್ಷಿಯಂ, ಹಸಿರಿಗೆ ಬೇರಿಯಂ, ನೀಲಿಗೆ ತಾಮ್ರ. ಬತ್ತಿಯ ಲೆಕ್ಕ ತಪ್ಪಿದರೆ ಹೂವೇ ಸಿಡಿಲು" ಎಂದರು.

ಗುಂಡನೆಯ ಬಿರುಸು ಜಪಾನಿನ ಪರಂಪರೆ, ಸಿಲಿಂಡರಿನದು ಇಟಲಿಯದೆಂದು ಮುಂದೆ ಓದಿ ತಿಳಿದೆ. ಮಾಲ್ಟಾ ದೇಶದಲ್ಲಿ ಊರಹಬ್ಬಕ್ಕಾಗಿ ಹವ್ಯಾಸಿಗಳೇ ಇವನ್ನು ಕಟ್ಟುತ್ತಾರೆ. ಅಲ್ಲಿನ ಗೋಜೋ ದ್ವೀಪದಲ್ಲಿ 2010ರಲ್ಲಿ ಸಂಭವಿಸಿದ ಸ್ಫೋಟದಲ್ಲಿ ಆರು ಮಂದಿ ತೀರಿಕೊಂಡರು. ಪಳಗಿದ ಕೈಗಳಿಗೂ ಬೆಂಕಿ ರಿಯಾಯಿತಿ ತೋರುವುದಿಲ್ಲ. ಅದನ್ನೋದಿದ ದಿನ ನನ್ನ ಕಲೆಯನ್ನು ಬಹಳ ಹೊತ್ತು ನೋಡುತ್ತ ಕುಳಿತಿದ್ದೆ.

ಮೇಷ್ಟ್ರು ನನ್ನ ಕುತೂಹಲವನ್ನು ನಂದಿಸಲಿಲ್ಲ. ಬೆಂಕಿಯನ್ನಷ್ಟೇ ಕೈಯಿಂದ ದೂರವಿರಿಸಿದರು. ಶಾಲೆಯಿಂದ ನಾನು ಪಡೆದ ದೊಡ್ಡ ವರ ಅದೇ.